ಅರ್ಥವಾಯಿತು ಎಂದು ಬರೆದ ಪತ್ರಗಳು

ಜೂನ್ 29

ಪ್ರೀತಿಯ ಚಿಕ್ಕಿ,

ನಿನ್ನ ಬೆಟ್ಟದ ಮೇಲೆ ಫೋನು ಹಿಡಿಯುವುದಿಲ್ಲ, ಪತ್ರ ಬರೆದರೆ ಗುರುವಾರದ ಜೀಪಿನಲ್ಲಿ ಅಕ್ಕಿ ಮೂಟೆಯ ಜೊತೆ ಬರುತ್ತದೆ ಎಂದು ಅಮ್ಮ ಹೇಳಿದಳು. ಇಲ್ಲಿ ಹಾಸ್ಟೆಲಿನಲ್ಲೂ ಫೋನು ಇಟ್ಟುಕೊಳ್ಳುವಂತಿಲ್ಲ. ಭಾನುವಾರ ವಾರ್ಡನ್ ಮೇಜಿನ ಮುಂದೆ ನಿಂತು ಐದು ನಿಮಿಷ ಮನೆಗೆ ಮಾತಾಡಬಹುದು, ಅಷ್ಟೆ. ಹಾಗಾಗಿ ನಿನ್ನದೂ ನನ್ನದೂ ಒಂದೇ ಪಾಡು.

ನಾನೀಗ ಹನ್ನೊಂದನೇ ತರಗತಿ, ವಿಜ್ಞಾನ ವಿಭಾಗ. ಹೊರಡುವ ದಿನ ಅಮ್ಮ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳುತ್ತಿದ್ದಳು, "ನನ್ನ ತಂಗಿ ಬೆಟ್ಟದ ಮೇಲೆ ಹವಾಮಾನ ನೋಡೋ ಕೆಲಸದಲ್ಲಿದಾಳಲ್ಲ, ಅವಳ ತಲೆನೇ ಇವಳಿಗೂ ಬಂದಿರೋದು" ಎಂದು. ಅಳತೆ ಕೊಡಲು ಕೈ ಚಾಚಿ ನಿಂತವರು ಹಾಗೇ ನಿಂತು ನನ್ನ ತಲೆಯನ್ನು ನೋಡುತ್ತಿದ್ದರು.

ಇಲ್ಲಿ ಎಲ್ಲ ಚೆನ್ನಾಗಿದೆ. ನಮ್ಮ ಗಣಿತದ ಮೇಷ್ಟ್ರಿಗೆ ಹುಡುಗಿಯರು ರೈಲು ಎಂದು ಹೆಸರಿಟ್ಟಿದ್ದಾರೆ. ಬೋರ್ಡಿನ ಎಡತುದಿಯಲ್ಲಿ ಹೊರಟರೆ ಬಲತುದಿ ಮುಟ್ಟುವ ತನಕ ಎಲ್ಲೂ ನಿಲ್ಲಿಸುವುದಿಲ್ಲ. ನಾವು ಓಡಿ ಹತ್ತಬೇಕು. ನನ್ನ ಹಳೆಯ ಶಾಲೆಯಿಂದ ಬಂದವಳು ನಾನೊಬ್ಬಳೇ. ಊಟದ ಮನೆಯಲ್ಲಿ ತುದಿಯ ಮೇಜಿಗೆ ಯಾರೂ ಬರುವುದಿಲ್ಲ, ಹಾಗಾಗಿ ಜಾಗಕ್ಕೆ ತೊಂದರೆಯಿಲ್ಲ.

ಒಂದು ಪ್ರಶ್ನೆ ಕೇಳಲೇ? ಕೋನಕ್ಕೆ ಡಿಗ್ರಿ ಇತ್ತಲ್ಲ, ಚೆನ್ನಾಗಿಯೇ ಇತ್ತು. ಈಗ ರೇಡಿಯನ್ ಎಂದು ಯಾಕೆ ತಂದರು? ಇದ್ದದ್ದು ಸಾಲದಾಯಿತೇ?

ನಿನ್ನ,
ಇರುವೆ

ಜುಲೈ 11

ಮುದ್ದಿನ ಇರುವೆ,

ನಿನ್ನ ಕಾಗದ ಓದಿ ಎಷ್ಟು ಖುಷಿಯಾಯಿತೆಂದರೆ, ಮೂರು ಗಂಟೆಗೆ ಬರೆಯಬೇಕಾದ ಉಷ್ಣಾಂಶವನ್ನು ಮೂರೂ ಕಾಲಿಗೆ ಬರೆದೆ. ಹನ್ನೊಂದು ವರ್ಷದ ನೌಕರಿಯಲ್ಲಿ ಇದೇ ಮೊದಲು.

ಎಂಥ ಪ್ರಶ್ನೆ ಕೇಳಿದೆಯೇ! ಎಲ್ಲರೂ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ, ನೀನು ಯಾಕೆ ಎಂದು ಕೇಳಿದೆ. ಒಂದು ತಟ್ಟೆ ತೆಗೆದುಕೊ. ನಡುವಿನಿಂದ ಅಂಚಿನ ತನಕ ಒಂದು ದಾರ ಹಿಡಿದು ಕತ್ತರಿಸು. ಆ ದಾರವನ್ನು ಅಂಚಿನ ಮೇಲೆ ಬಾಗಿಸಿ ಮಲಗಿಸು. ಅದರ ಎರಡು ತುದಿಗಳಿಂದ ನಡುವಿಗೆ ಗೆರೆ ಎಳೆದರೆ ಆಗುವ ಕೋನವೇ ಒಂದು ರೇಡಿಯನ್. ತಟ್ಟೆ ದೊಡ್ಡದಿರಲಿ ಚಿಕ್ಕದಿರಲಿ, ಕೋನ ಅದೇ. ಸುತ್ತಲೂ ಇಟ್ಟುಕೊಂಡು ಹೋದರೆ ಆರು ದಾರ ಹಿಡಿಸಿ ಚೂರು ಜಾಗ ಉಳಿಯುತ್ತದೆ. ಮುನ್ನೂರ ಅರವತ್ತು ಎಂಬುದು ಜನ ಒಪ್ಪಿಕೊಂಡ ಲೆಕ್ಕ, ಇದು ವೃತ್ತವೇ ಹೇಳುವ ಲೆಕ್ಕ.

ಇಲ್ಲಿ ನಾವು ಆರಾಮ. ಬೆಳಿಗ್ಗೆ ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು ಉಷ್ಣಮಾಪಕ ನೋಡುತ್ತೇವೆ, ಮಳೆಯ ಪಾತ್ರೆ ಅಳೆಯುತ್ತೇವೆ, ಗಾಳಿಯ ದಿಕ್ಕು ಬರೆದುಕೊಂಡು ವೈರ್‌ಲೆಸ್ಸಿನಲ್ಲಿ ಕೆಳಗಿನ ಕಚೇರಿಗೆ ಹೇಳುತ್ತೇವೆ. ಹಿರಿಯ ವೀಕ್ಷಕರದು ಹಳೆಯ ತಮಾಷೆಗಳು. ನಗುತ್ತ ಹೊತ್ತು ಹೋಗುತ್ತದೆ. ಬೇಗ ಬರೆ. ಪ್ರಶ್ನೆ ಇಟ್ಟು ಬರೆ.

ನಿನ್ನ,
ಚಿಕ್ಕಿ

ಆಗಸ್ಟ್ 3

ಪ್ರೀತಿಯ ಚಿಕ್ಕಿ,

ರೇಡಿಯನ್ ಅರ್ಥವಾಯಿತು. ತಟ್ಟೆಗೆ ದಾರ ಸುತ್ತುತ್ತಿದ್ದಾಗ ಊಟದ ಮನೆಯ ಅಕ್ಕ ನೋಡಿ, "ಏನಮ್ಮಾ, ಅನ್ನ ಕಟ್ಟಿಕೊಂಡು ಹೋಗ್ತೀಯಾ?" ಎಂದು ಕೇಳಿದರು. ಈ ತಿಂಗಳು ನನ್ನ ಜೊತೆ ಯಾರಾದರೂ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ತಮಾಷೆಗೆ ಹೇಳಿದೆ.

ಮೊದಲ ಕಿರುಪರೀಕ್ಷೆ ಮುಗಿಯಿತು. ಪರವಾಗಿಲ್ಲ.

ಈಗ ರೈಲು ಲಿಮಿಟ್ ಎಂಬ ಪಾಠಕ್ಕೆ ಬಂದಿದೆ. ಎಕ್ಸ್ ಎರಡರ ಹತ್ತಿರ ಹೋಗುತ್ತದಂತೆ, ಆದರೆ ಎರಡು ಆಗುವುದಿಲ್ಲವಂತೆ. ಆಗುವುದೇ ಇಲ್ಲ ಎಂದ ಮೇಲೆ ಹೋಗುವುದೇಕೆ? ಮೇಲೆ ಕೆಳಗೆ ಎರಡೂ ಕಡೆ ಎಕ್ಸ್ ಮೈನಸ್ ಎರಡು ಇದೆ ಎಂದು ಹೊಡೆದುಹಾಕುತ್ತಾರೆ, ಆಮೇಲೆ ಎಕ್ಸ್ ಜಾಗಕ್ಕೆ ಎರಡನ್ನೇ ಹಾಕುತ್ತಾರೆ. ಮೊದಲೇ ಹಾಕಿದ್ದರೆ ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತಿತ್ತು. ಹೊಡೆದುಹಾಕುವಾಗ ಸೊನ್ನೆಯಲ್ಲ, ಹಾಕುವಾಗ ಎರಡು. ಇದು ಮೋಸವಲ್ಲವೇ?

ಇರುವೆ

ಆಗಸ್ಟ್ 18

ಮುದ್ದಿನ ಇರುವೆ,

ಮೋಸವಲ್ಲವೇ ಎಂದು ಕೇಳಿದ್ದೀಯಲ್ಲ, ಆ ಸಾಲನ್ನು ಗೋಡೆಯ ಮೇಲೆ ಅಂಟಿಸಿಕೊಂಡಿದ್ದೇನೆ. ಹಿರಿಯ ವೀಕ್ಷಕರಿಗೂ ಓದಿ ಹೇಳಿದೆ, "ಈ ಹುಡುಗಿ ದೂರ ಹೋಗ್ತಾಳೆ ಬಿಡಿ" ಎಂದರು.

ಉತ್ತರ ಬೇರೆ ಹಾಳೆಗಳಲ್ಲಿ ಬರೆದಿದ್ದೇನೆ, ನಾಲ್ಕಿವೆ. ತಿರುಳು ಇಷ್ಟು: ಎರಡು ತಲುಪಿದಾಗ ಏನಾಗುತ್ತದೆ ಎಂದು ಯಾರೂ ಕೇಳುತ್ತಿಲ್ಲ. ಹತ್ತಿರ ಬರುತ್ತ ಬರುತ್ತ ಬೆಲೆ ಎತ್ತ ಸಾಗುತ್ತಿದೆ ಎಂದಷ್ಟೇ ಕೇಳುತ್ತಿದ್ದೇವೆ. ನಾಲ್ಕನೇ ಹಾಳೆಯಲ್ಲಿ ಒಂದು ಗ್ರಾಫ್ ಇದೆ. ಗಾಳಿಗೆ ಪೆನ್ನು ಅಲುಗಾಡಿ ವಕ್ರರೇಖೆ ಇನ್ನೂ ವಕ್ರವಾಗಿದೆ, ಕ್ಷಮಿಸು.

ನಿನ್ನ ವಿಷಯದಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಏನೆಂದು ಈಗ ಹೇಳುವುದಿಲ್ಲ, ತಾನೇ ತಿಳಿಯುತ್ತದೆ. ನಿನಗೆ ಒಳ್ಳೆಯದೇ ಆಗುತ್ತದೆ.

ಚಿಕ್ಕಿ

ಸೆಪ್ಟೆಂಬರ್ 9

ಚಿಕ್ಕಿ,

ಹಾಳೆಗಳು ಬಂದವು. ಅರ್ಥವಾಯಿತು.

ತಡವಾಗಿ ಬರೆಯುತ್ತಿದ್ದೇನೆ. ಭೌತಶಾಸ್ತ್ರದ ಪ್ರಯೋಗದ ಪುಸ್ತಕ ಮೂರು ಸಲ ವಾಪಸು ಬಂತು. ಲೋಲಕ ಇಪ್ಪತ್ತು ಸಲ ತೂಗಲು ಎಷ್ಟು ಹೊತ್ತು ಎಂದು ಎಣಿಸುವುದು. ಎಲ್ಲರೂ ಇಬ್ಬಿಬ್ಬರು ಮಾಡುತ್ತಾರೆ, ಒಬ್ಬಳು ಗಡಿಯಾರ, ಒಬ್ಬಳು ಎಣಿಕೆ. ತರಗತಿಯಲ್ಲಿ ನಾವು ಮೂವತ್ತೊಂದು ಜನ. ನಾನು ಗಡಿಯಾರವನ್ನೂ ನೋಡಿ ಲೋಲಕವನ್ನೂ ನೋಡುವುದರಲ್ಲಿ ಎಣಿಕೆ ತಪ್ಪುತ್ತದೆ.

ಅಂಕಪಟ್ಟಿ ಯಾಕೆ ಬಂದಿಲ್ಲ ಎಂದು ಅಮ್ಮ ಎರಡು ಭಾನುವಾರದಿಂದ ಕೇಳುತ್ತಿದ್ದಾಳೆ. ಇನ್ನೂ ಕೊಟ್ಟಿಲ್ಲ ಎಂದಿದ್ದೇನೆ. ನಿನ್ನನ್ನು ಕೇಳಿದರೆ ನೀನೂ ಹಾಗೇ ಹೇಳು.

ಒಂದು ಚಿಕ್ಕ ಅನುಮಾನ. ಸೈನ್ ಆಫ್ ಎ ಪ್ಲಸ್ ಬಿ ಎಂದರೆ ಸೈನ್ ಎ ಪ್ಲಸ್ ಸೈನ್ ಬಿ ತಾನೆ? ಹಾಗೆ ಹಾಕಿ ಮಾಡಿದರೆ ಪುಸ್ತಕದ ಹಿಂದಿನ ಉತ್ತರ ಬರುತ್ತಿಲ್ಲ. ಉತ್ತರವನ್ನೇ ತಪ್ಪು ಅಚ್ಚು ಹಾಕಿದ್ದಾರೋ ಏನೋ.

ಇರುವೆ

ಸೆಪ್ಟೆಂಬರ್ 22

ಮುದ್ದಿನ ಇರುವೆ,

ಹದಿನಾರು ದಿನದಿಂದ ಮಂಜು. ಗಾಳಿಯ ದಿಕ್ಕು ತೋರಿಸುವ ಬಾಣ ಅಂಗಳದಲ್ಲೇ ಇದ್ದರೂ ಹತ್ತು ಹೆಜ್ಜೆ ನಡೆದು ಹೋಗಿ ಕೈಯಿಂದ ಮುಟ್ಟಿ ನೋಡಬೇಕು. ವೈರ್‌ಲೆಸ್ಸಿನಲ್ಲಿ ದೃಷ್ಟಿಗೋಚರತೆ ಹತ್ತು ಮೀಟರು ಎಂದು ಹೇಳಿದರೆ ಕೆಳಗಿನವನು, "ಹೋದ ವಾರದ್ದನ್ನೇ ಓದ್ತಿದೀರಾ ಮೇಡಂ?" ಎಂದ.

ನೀನು ಕೇಳಿದ ತ್ರಿಕೋನಮಿತಿಯ ಇತಿಹಾಸ ಬಹಳ ಸ್ವಾರಸ್ಯದ್ದು. ನಕ್ಷತ್ರ ನೋಡುವವರು ಇದನ್ನು ಹೇಗೆ ಬೆಳೆಸಿದರು ಎಂದು ಆರು ಹಾಳೆ ಬರೆದಿದ್ದೇನೆ, ಬಿಡುವಾದಾಗ ಓದು. ಸೂತ್ರಗಳನ್ನು ಪುಸ್ತಕದಲ್ಲಿ ಒಮ್ಮೆ ನೋಡಿಕೊ, ಎಲ್ಲ ಅಲ್ಲೇ ಇದೆ.

ನಿನ್ನ ಕಾಗದ ಇಲ್ಲದ ಗುರುವಾರ, ಮೂಟೆಗಳೆಲ್ಲ ಬಂದಿದ್ದರೂ ಜೀಪು ಖಾಲಿ ಬಂದ ಹಾಗೆ. ಮೂರು ಗುರುವಾರ ಹಾಗಾಯಿತು. ದೂರುತ್ತಿಲ್ಲ. ಬರೆ.

ಚಿಕ್ಕಿ

ಅಕ್ಟೋಬರ್ 14

ಚಿಕ್ಕಮ್ಮನವರಿಗೆ,

ಸೋಮವಾರ ರೈಲು ಮೇಷ್ಟ್ರು ನನ್ನನ್ನು ಅಧ್ಯಾಪಕರ ಕೋಣೆಗೆ ಕರೆದರು. ಎಡಗೈಯಲ್ಲಿ ನನ್ನ ಉತ್ತರಪತ್ರಿಕೆ, ಬಲಗೈಯಲ್ಲಿ ನೀವು ಬರೆದ ಕಾಗದ. ಎರಡು ಪುಟ. "ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿನಿ ತಮಗೆ ವಿರಳವಾಗಿ ಸಿಕ್ಕಿರಬಹುದು, ಅವಳಿಗೆ ಹೆಚ್ಚಿನ ಸವಾಲುಗಳನ್ನು ಕೊಡಬೇಕೆಂದು ವಿನಂತಿ." ಕಾಲೇಜಿನ ವಿಳಾಸಕ್ಕೆ ಬಂದದ್ದು ಯಾವುದೋ ಕಟ್ಟಿನಲ್ಲಿ ಸೇರಿಹೋಗಿ ಈಗ ಅವರ ಕೈಗೆ ಸಿಕ್ಕಿತಂತೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಮೇಲೇರಿಸಿ ನಿಜವಾಗಿಯೂ ಗೊತ್ತಾಗದೆ ಕೇಳಿದರು, "ಇದರಲ್ಲಿರೋ ಹುಡುಗಿ ಯಾರಮ್ಮಾ?"

"ನಾನೇ ಸರ್."

"ಬೇರೆ ಸೆಕ್ಷನ್‌ನಲ್ಲಿ ನಿನ್ನ ಹೆಸರಿನೋರು ಇನ್ಯಾರಾದ್ರೂ ಇದಾರಾ?"

"ಇಲ್ಲ ಸರ್."

ರಸಾಯನಶಾಸ್ತ್ರದ ಮೇಡಂ ನಗು ತಡೆಯಲು ಕೆಮ್ಮಿದರು. ಮೇಷ್ಟ್ರು ಎರಡೂ ಕಾಗದಗಳನ್ನು ನನ್ನ ಕೈಗೇ ಕೊಟ್ಟು, "ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು" ಎಂದರು. ಅಷ್ಟೆ.

ಗಣಿತದಲ್ಲಿ ನನಗೆ ಐವತ್ತಕ್ಕೆ ಒಂಬತ್ತು. ಭೌತಶಾಸ್ತ್ರದಲ್ಲಿ ಹನ್ನೊಂದು. ಮೊದಲ ಪರೀಕ್ಷೆಯಲ್ಲೂ ಸುಮಾರು ಅಷ್ಟೇ. ಅಂಕಪಟ್ಟಿ ಆಗಸ್ಟಿನಲ್ಲೇ ಬಂದಿತ್ತು. ಅಮ್ಮನ ಸಹಿಯನ್ನು ನಾನೇ ಹಾಕಿ ಕಾಲೇಜಿನಲ್ಲಿ ತೋರಿಸಿದೆ. ರೇಡಿಯನ್ ಅರ್ಥವಾಗಿರಲಿಲ್ಲ. ಲಿಮಿಟ್ ಅರ್ಥವಾಗಿರಲಿಲ್ಲ. ನಾನು ಕೇಳಿದ್ದು ಗೊತ್ತಿಲ್ಲದೆ ಕೇಳಿದ್ದು, ಆಳವಾಗಿ ಯೋಚಿಸಿ ಕೇಳಿದ್ದಲ್ಲ. ನೀವು ಪ್ರತಿ ಸಲ "ಎಂಥ ಪ್ರಶ್ನೆ" ಎಂದು ಹೊಗಳಿದ ಮೇಲೆ, ಗೊತ್ತಾಗಲಿಲ್ಲ ಎಂದು ಹೇಳಲು ನನಗೆ ಜಾಗವೇ ಇರಲಿಲ್ಲ.

ತರಗತಿಯಲ್ಲಿ ನನ್ನ ಸುತ್ತ ಮೂವತ್ತು ಜನ ತಲೆ ಆಡಿಸುತ್ತಾರೆ. ನಾನೂ ಆಡಿಸುತ್ತೇನೆ. ಆಮೇಲೆ ಕೋಣೆಗೆ ಬಂದು ಪುಸ್ತಕ ತೆರೆದರೆ ಅದು ಯಾರಿಗೋ ಬರೆದ ಕಾಗದ, ತಪ್ಪಿ ನನ್ನ ವಿಳಾಸಕ್ಕೆ ಬಂದ ಹಾಗೆ ಕಾಣುತ್ತದೆ.

ಇನ್ನು ನನಗೆ ಬರೆಯಬೇಡಿ.

ನವೆಂಬರ್ 2

ಇರುವೆ,

ನಿನ್ನ ಅನುಮತಿ ಕೇಳದೆ ಮೇಷ್ಟ್ರಿಗೆ ಬರೆದದ್ದು ತಪ್ಪು. ಕ್ಷಮಿಸು. ಇದಕ್ಕಿಂತ ಹೆಚ್ಚು ಹೇಳುವುದಿದೆ. ಆದರೆ ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ. ಜೀಪು ಹಾರ್ನ್ ಹೊಡೆಯುತ್ತಿದೆ.

ಚಿಕ್ಕಿ

ನವೆಂಬರ್ 23

ಇರುವೆ,

ನೀನು ಬೇಡವೆಂದರೂ ಬರೆಯುತ್ತಿದ್ದೇನೆ. ಓದದಿದ್ದರೂ ಸರಿ. ಚಿಕ್ಕ ಮಗುವಾಗಿದ್ದಾಗಿನಿಂದ ನನ್ನನ್ನು ನೀನು ಎಂದವಳು ಈಗ ನೀವು ಎಂದಿದ್ದೀಯ. ಆ ಒಂದು ಅಕ್ಷರ ನೋಡಿ, ಒಂಬತ್ತು ಅಂಕ ಬಂದವಳು ನಾನೇ ಎನಿಸಿತು.

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿನ್ನ ಸೆಪ್ಟೆಂಬರಿನ ಕಾಗದದಲ್ಲಿ ಸೈನ್ ವಿಷಯ ಕೇಳಿದ್ದೆಯಲ್ಲ, ಆ ಸಾಲು ಓದಿದ ಕೂಡಲೇ ನಿನ್ನ ಸ್ಥಿತಿ ನನಗೆ ಗೊತ್ತಾಯಿತು. ಬುಡದಲ್ಲೇ ಏನೋ ತಪ್ಪಿದೆ, ಮೇಲಿನದು ಯಾವುದೂ ನಿಂತಿಲ್ಲ ಎಂದು. ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ನಕ್ಷತ್ರ ನೋಡುವವರ ಕಥೆ ಬರೆದು ಕಳಿಸಿದೆ. ಗೊತ್ತಿದ್ದೂ ದಾಟಿಸಿದೆ.

ಯಾಕೆ ಎಂದು ಹೇಳಲು ನಾಚಿಕೆಯಾಗುತ್ತದೆ. ಇಲ್ಲಿ "ನಾವು" ಇಲ್ಲ. ಹಿರಿಯ ವೀಕ್ಷಕರು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮೇ ತಿಂಗಳಲ್ಲೇ ಕೆಳಗೆ ಹೋದರು, ಆಮೇಲೆ ನಿವೃತ್ತಿ ತೆಗೆದುಕೊಂಡರು. ಅವರ ಬದಲಿಗೆ ಯಾರೂ ಬಂದಿಲ್ಲ. ನಿನ್ನ ಮೊದಲ ಕಾಗದ ಬಂದಾಗ ನಾನು ಒಬ್ಬಳೇ ಆಗಿ ಏಳು ವಾರವಾಗಿತ್ತು. ನಿನ್ನ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿದೆ ಎಂದದ್ದು ಸುಳ್ಳು. "ಈ ಹುಡುಗಿ ದೂರ ಹೋಗ್ತಾಳೆ ಬಿಡಿ" ಎಂದು ನಾನೇ ಹೇಳಿಕೊಂಡೆ, ಅದೂ ಅವರ ದನಿಯಲ್ಲಿ.

ನೀನು ಪ್ರಶ್ನೆ ಕೇಳುವ ತನಕ ನನಗೆ ಕಾಗದ ಬರುತ್ತದೆ. ನಿನಗೆ ಓದು ಕಷ್ಟವಾಗುತ್ತಿದೆ ಎಂದು ಗೊತ್ತಾದರೆ ಅಕ್ಕ ನಿನ್ನನ್ನು ಅಲ್ಲಿಂದ ಬಿಡಿಸುತ್ತಾಳೆ, ಬೇರೆ ವಿಷಯಕ್ಕೆ ಸೇರಿಸುತ್ತಾಳೆ, ಆಮೇಲೆ ನನ್ನನ್ನು ಕೇಳಲು ಏನಿರುತ್ತದೆ? ಹೀಗೆ ಯೋಚಿಸಿದೆ. ಹದಿನಾರು ವರ್ಷದ ಹುಡುಗಿ ಮುಳುಗುತ್ತಿದ್ದಾಳೆ, ನಲವತ್ತರ ಹೆಂಗಸು ದಡದ ಮೇಲೆ ಕುಳಿತು ಅವಳ ಜೊತೆ ಮಾತಾಡುತ್ತ ಖುಷಿಪಡುತ್ತಿದ್ದಾಳೆ.

ಇನ್ನೊಂದು. ಆ ಉದ್ದುದ್ದ ಉತ್ತರಗಳು ನನ್ನ ತಲೆಯಿಂದ ಬಂದದ್ದಲ್ಲ. ಲಿಮಿಟ್ಟನ್ನು ನಾನು ಮರೆತು ಇಪ್ಪತ್ತು ವರ್ಷವಾಯಿತು. ಜೀಪಿನವನಿಗೆ ಹೇಳಿ ಹಳೆಯ ಪಠ್ಯಪುಸ್ತಕ ತರಿಸಿ ಓದಿ ಬರೆದೆ. ನನಗೂ ಎರಡು ಸಲ ತಪ್ಪಾಯಿತು. ಅದನ್ನಾದರೂ ಹೇಳಿದ್ದರೆ ನಿನಗೆ ಧೈರ್ಯ ಬರುತ್ತಿತ್ತೋ ಏನೋ.

ನೀನು ವಿಜ್ಞಾನ ಬಿಟ್ಟರೂ ನನಗೆ ನೀನು ಇರುವೆಯೇ. ಬಿಡದಿದ್ದರೆ, ನಿನ್ನ ಪ್ರಶ್ನೆಗಳು ಬೇಡ. ತಪ್ಪಾದ ಉತ್ತರಪತ್ರಿಕೆಗಳನ್ನು ಕಳಿಸು.

ಚಿಕ್ಕಿ

ಡಿಸೆಂಬರ್ 27

ಚಿಕ್ಕಿ,

ರಜೆಗೆ ಮನೆಗೆ ಬಂದಿದ್ದೇನೆ. ಕೋಪ ಹೋಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಅಮ್ಮನಿಗೆ ಹೇಳಿಬಿಟ್ಟೆ. ಅವಳು ಶಾಲೆಯ ಸಮವಸ್ತ್ರದ ರಾಶಿಯ ನಡುವೆ ಕುಳಿತು ಅಂಗಿಗೆ ಕಾಲರು ಕೂರಿಸುತ್ತಿದ್ದಳು. ಮಿಷನ್ ಸದ್ದಿನಲ್ಲಿ ಕೇಳಿಸದಿರಲಿ ಎಂದು ಮೆಲ್ಲಗೆ ಹೇಳಿದೆ. ಕೇಳಿಸಿತು.

"ಒಂಬತ್ತಾ? ಐವತ್ತಕ್ಕಾ?"

"ಹೂಂ."

"ಕಷ್ಟ ಆಗ್ತಿದೆ ಅಂತ ನಂಗೊಂದು ಮಾತು ಹೇಳೋಕೆ ಏನಾಗಿತ್ತೇ ನಿಂಗೆ?"

"ನೀನು ಎಲ್ರಿಗೂ ಹೇಳಿಟ್ಟಿದ್ದೆಯಲ್ಲ. ಚಿಕ್ಕಿ ತಲೆ ಅಂತ."

ಅವಳು ಹೊಲಿಯುತ್ತಲೇ ಹೋದಳು. ಆಮೇಲೆ ಅಂಗಿ ಎತ್ತಿ ನೋಡಿದರೆ ಕಾಲರು ಒಳಗು ಹೊರಗಾಗಿ ಕೂತಿತ್ತು. ಬ್ಲೇಡು ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚುತ್ತ, "ಅಂಕಪಟ್ಟಿ ತೋರ್ಸು" ಎಂದಳು. ಸಹಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನನ್ನ ಸಹಿ ನನಗಿಂತ ಚೆನ್ನಾಗಿ ಹಾಕಿದೀಯ" ಎಂದಳು. ನಗುತ್ತಾಳೆ ಎಂದುಕೊಂಡೆ. ಅಳುತ್ತಿದ್ದಳು.

ಬಿಡಿಸುತ್ತೇನೆ ಎನ್ನಲಿಲ್ಲ. "ಏನ್ ಮಾಡ್ತೀಯ, ನೀನೇ ಹೇಳು" ಎಂದಳು. ನನಗೆ ಗೊತ್ತಿಲ್ಲ ಎಂದೆ. ಈ ವರ್ಷ ಯಾರಿಗಾದರೂ ನಾನು ಬಾಯಿಬಿಟ್ಟು ಗೊತ್ತಿಲ್ಲ ಎಂದದ್ದು ಅದೇ ಮೊದಲು.

ಮೂರು ಉತ್ತರಪತ್ರಿಕೆ ಈ ಲಕೋಟೆಯಲ್ಲಿವೆ. ಹೊಗಳಬೇಡ.

ಇರುವೆ

ಜನವರಿ 9

ಇರುವೆ,

ಹೊಗಳುವಂಥದ್ದೇನೂ ಅದರಲ್ಲಿ ಇರಲಿಲ್ಲ, ಹೆದರಬೇಡ.

ಮೂರು ಪತ್ರಿಕೆಯಲ್ಲಿ ಇಪ್ಪತ್ತಮೂರು ಕಡೆ ಕೆಂಪು ಗೀಟು. ಪ್ರತಿಯೊಂದರಲ್ಲೂ ನೀನು ಜಾರಿದ ಸಾಲು ಯಾವುದೆಂದು ಹುಡುಕಿದೆ. ಆರು ದಿನ ಹಿಡಿಯಿತು. ಇಪ್ಪತ್ತಮೂರರಲ್ಲಿ ಹದಿನಾಲ್ಕು ಒಂದೇ ತಪ್ಪು, ಬೇರೆ ಬೇರೆ ಬಟ್ಟೆ ಹಾಕಿಕೊಂಡು ಬಂದಿದೆ. ಕಂಸದ ಹೊರಗೆ ಯಾವ ಕೆಲಸವಿದ್ದರೂ ಒಳಗಿನ ಇಬ್ಬರಿಗೂ ಹಂಚಿಬಿಡುತ್ತೀಯ. ಮೂರು ಪ್ಲಸ್ ನಾಲ್ಕರ ವರ್ಗ ಎಂದರೆ ಏಳರ ವರ್ಗ, ನಲವತ್ತೊಂಬತ್ತು. ನೀನು ಒಂಬತ್ತು ಪ್ಲಸ್ ಹದಿನಾರು ಎಂದು ಇಪ್ಪತ್ತೈದು ಬರೆಯುತ್ತೀಯ. ವರ್ಗಮೂಲದಲ್ಲೂ ಹಾಗೇ. ಸೈನ್‌ನಲ್ಲೂ ಹಾಗೇ. ಎ, ಬಿ ಎರಡೂ ತೊಂಬತ್ತು ಡಿಗ್ರಿ ಎಂದುಕೊ. ನಿನ್ನ ಸೂತ್ರದ ಎಡಗಡೆ ಸೊನ್ನೆ, ಬಲಗಡೆ ಎರಡು. ಪುಸ್ತಕ ತಪ್ಪು ಅಚ್ಚಾಗಿರಲಿಲ್ಲ.

ಇನ್ನೈದು ಕಡೆ ಕಂಸದ ಮುಂದಿನ ಮೈನಸ್ಸು. ಅದನ್ನು ಮೊದಲನೆಯವನಿಗೆ ಕೊಟ್ಟು ಎರಡನೆಯವನನ್ನು ಮರೆಯುತ್ತೀಯ. ಉಳಿದ ನಾಲ್ಕು ಮಾತ್ರ ನಿಜವಾಗಿ ಈ ವರ್ಷದ ಪಾಠದ್ದು.

ಎಂಟನೇ ತರಗತಿಯಲ್ಲಿ ನೀನು ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದೆ, ನೆನಪಿದೆಯೇ? ಕಂಸ ಬಿಡಿಸುವುದನ್ನು ಆಗಲೇ ಕಲಿಸಿರಬೇಕು. ನಿನಗೆ ಯಾರೂ ಮತ್ತೆ ಹೇಳಿಕೊಡಲಿಲ್ಲ, ನೀನೂ ಕೇಳಲಿಲ್ಲ. ಹತ್ತನೆಯ ತನಕ ಬಾಯಿಪಾಠ ನಿನ್ನನ್ನು ಹೊತ್ತು ತಂದು ಇಲ್ಲಿ ಇಳಿಸಿಹೋಗಿದೆ.

ಎಂಟನೆಯ ಪುಸ್ತಕ ತೆಗೆ. ನಾಚಿಕೆಯಾದರೆ ರಟ್ಟು ಹಾಕಿಕೊ. ದಿನಕ್ಕೆ ಹತ್ತು ಲೆಕ್ಕ, ಹೆಚ್ಚು ಬೇಡ. ಮಾಡಿದ್ದನ್ನು ಕಳಿಸು, ಎಲ್ಲಿ ಜಾರಿದೆ ಎಂದಷ್ಟೇ ಗುರುತು ಹಾಕುತ್ತೇನೆ. ಆದರೆ ಇಲ್ಲಿಗೆ ಕಾಗದ ಬಂದು ಹೋಗಲು ಎರಡು ವಾರ ಬೇಕು. ನಿನ್ನ ಹತ್ತಿರವೇ ಒಬ್ಬರು ಇರಬೇಕು. ತರಗತಿಯಲ್ಲಿ ತಲೆ ಆಡಿಸುವ ಆ ಮೂವತ್ತು ಜನರನ್ನು ಸ್ವಲ್ಪ ಸರಿಯಾಗಿ ನೋಡು.

ಚಿಕ್ಕಿ

ಫೆಬ್ರವರಿ 16

ಪ್ರೀತಿಯ ಚಿಕ್ಕಿ,

ನೋಡಿದೆ.

ನನ್ನ ಮುಂದಿನ ಬೆಂಚಿನಲ್ಲಿ ಕಿಟಕಿ ಎಂದು ಒಬ್ಬಳಿದ್ದಾಳೆ. ಸದಾ ಹೊರಗೆ ನೋಡುವುದರಿಂದ ಆ ಹೆಸರು. ತುಂಬ ಬುದ್ಧಿವಂತೆ, ಪಾಠ ಬೇಸರವಾಗಿ ಹೊರಗೆ ನೋಡುತ್ತಾಳೆ ಎಂದು ಎಲ್ಲರೂ ತಿಳಿದಿದ್ದೆವು. ಎಂಟನೆಯ ಪುಸ್ತಕವನ್ನು ರಟ್ಟು ಹಾಕಿ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಮಾಡುತ್ತಿದ್ದಾಗ ಅವಳು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಇದು ಎಂಟನೇ ಕ್ಲಾಸಿಂದಲ್ವಾ?"

ಮುಚ್ಚಿಡಲು ಹೋದೆ.

"ಮುಗಿದ ಮೇಲೆ ನಂಗೂ ಕೊಡ್ತೀಯಾ?" ಎಂದಳು. ಪಕ್ಕದಲ್ಲಿ ಕುಳಿತಳು. "ನೀನು ಮೇಷ್ಟ್ರನ್ನ ಕೇಳ್ತೀಯ ಅಂತ ಜೂನಿಂದ ಕಾಯ್ತಿದೀನಿ ಕಣೇ. ನಿನ್ನ ಮುಖ ನೋಡಿದ್ರೆ ಕೇಳೋ ಥರ ಇತ್ತು."

ಎಂಟು ತಿಂಗಳು, ಚಿಕ್ಕಿ. ನಾನು ಕೈ ಚಾಚಿದರೆ ಅವಳ ಜಡೆ ಸಿಗುವಷ್ಟು ದೂರ.

ಮೊನ್ನೆ ಧೈರ್ಯ ಮಾಡಿದೆ. ರೈಲು ಬೋರ್ಡಿನ ಮಧ್ಯಕ್ಕೆ ಬಂದಿತ್ತು. ಎದ್ದು ನಿಂತು, "ಸರ್, ಎರಡನೇ ಸಾಲಿಂದ ಮೂರನೇದು ಹೇಗೆ ಬಂತು?" ಎಂದೆ. ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. "ಯಾರು ಕೇಳಿದ್ದು?" "ನಾನು ಸರ್" ಎಂದೆ. ಅವರು ಹಿಂದಕ್ಕೆ ಬಂದು ನಡುವೆ ಬಿಟ್ಟಿದ್ದ ಮೂರು ಸಾಲು ಬರೆದರು. ಆಮೇಲೆ ತಿರುಗಿ, "ಇದು ಇನ್ಯಾರಿಗೆ ಗೊತ್ತಾಗಿರಲಿಲ್ಲ?" ಎಂದು ಕೇಳಿದರು. ಮೊದಲು ಕಿಟಕಿ ಕೈ ಎತ್ತಿದಳು. ಆಮೇಲೆ ಹನ್ನೊಂದು ಕೈ. ಮೇಷ್ಟ್ರು ಆ ಕೈಗಳನ್ನು ನೋಡುತ್ತ ನಿಂತರು. ಅವರಿಗೆ ಬೇಜಾರಾಯಿತು ಎನಿಸುತ್ತದೆ. ಆ ದಿನ ಬೋರ್ಡಿನ ಬಲತುದಿ ಮುಟ್ಟಲಿಲ್ಲ.

ಲೆಕ್ಕ ಕಳಿಸಿದ್ದೇನೆ. ಈ ವಾರ ಕಂಸ ಒಂದೇ ಕಡೆ ಜಾರಿದೆ ಎಂದು ನನ್ನ ಅಂದಾಜು. ನೋಡು.

ನಿನ್ನ,
ಇರುವೆ

ಏಪ್ರಿಲ್ 21

ಚಿಕ್ಕಿ,

ಫಲಿತಾಂಶ ಬಂತು. ಭೌತಶಾಸ್ತ್ರ ನೂರಕ್ಕೆ ನಲವತ್ತೆರಡು, ಪಾಸು. ಗಣಿತ ಇಪ್ಪತ್ತೊಂಬತ್ತು. ಮೂವತ್ತೈದು ಬೇಕಿತ್ತು.

ಹಲಗೆಯ ಮುಂದೆ ನೂಕುನುಗ್ಗಲು. ಕಿಟಕಿ ಮೂವತ್ತೇಳಕ್ಕೆ ಪಾಸಾಗಿದ್ದಾಳೆ. ನನ್ನದನ್ನು ನೋಡಿ ಅವಳು ತನ್ನ ಖುಷಿಯನ್ನು ಎಲ್ಲಿಡಬೇಕೋ ತಿಳಿಯದೆ ನಿಂತಳು. "ಹೋಗಿ ಮನೆಗೆ ಫೋನ್ ಮಾಡೇ" ಎಂದು ನಾನೇ ತಳ್ಳಿದೆ.

ಮೇ ಕೊನೆಗೆ ಮರುಪರೀಕ್ಷೆ. ಎಲ್ಲರೂ ಊರಿಗೆ ಹೋದರು. ಹಾಸ್ಟೆಲಿನಲ್ಲಿ ಒಂಬತ್ತು ಜನ ಉಳಿದಿದ್ದೇವೆ, ಮಧ್ಯಾಹ್ನ ಮೂರನೇ ಮಹಡಿಯ ನಲ್ಲಿ ತೊಟ್ಟಿಕ್ಕುವುದು ಕೆಳಗಿನ ತನಕ ಕೇಳುತ್ತದೆ. ಅಮ್ಮ ಮನೆಗೆ ಬಾ ಎಂದಳು. ಬೇಡ ಎಂದೆ. ಬಿಟ್ಟುಬಿಡುವ ಮನಸ್ಸೂ ಇದೆ, ಬಿಡಬಾರದೆಂಬ ಮನಸ್ಸೂ ಇದೆ, ಯಾವುದು ನನ್ನದು ಎಂದು ಗೊತ್ತಾಗುವ ತನಕ ದಿನಕ್ಕೆ ಹತ್ತು ಲೆಕ್ಕ ಮಾಡುತ್ತಿರುತ್ತೇನೆ.

ಇರುವೆ

ಮೇ 4

ಇರುವೆ,

ಒಂಬತ್ತರಿಂದ ಇಪ್ಪತ್ತೊಂಬತ್ತಕ್ಕೆ ಬಂದಿದ್ದೀಯ ಎಂದು ಹೇಳಬಹುದು. ಆದರೆ ಮೊದಲನೆಯದು ಐವತ್ತಕ್ಕೆ, ಎರಡನೆಯದು ನೂರಕ್ಕೆ, ಹಾಗೆ ಹೋಲಿಸುವಂತಿಲ್ಲ. ಇನ್ನು ನಿನಗೆ ಸಿಹಿ ಸುಳ್ಳು ಬರೆಯುವುದಿಲ್ಲ ಎಂದುಕೊಂಡಿದ್ದೇನೆ.

ಕಳಿಸಿದ ಲೆಕ್ಕಗಳಲ್ಲಿ ಕಂಸದ ತಪ್ಪು ಒಂದೂ ಇಲ್ಲ. ಇದು ನಿಜ. ಮೂರನೇ ಲೆಕ್ಕದಲ್ಲಿ ತಪ್ಪು ನನ್ನದೇ. ನೀನು ಮಾಡಿದ್ದು ಸರಿ, ನಾನು ಸುಮ್ಮನೆ ಗುರುತು ಹಾಕಿ ಆಮೇಲೆ ಹೊಡೆದುಹಾಕಿದ್ದೇನೆ.

ಚಿಕ್ಕಿ

ಜೂನ್ 19

ಪ್ರೀತಿಯ ಚಿಕ್ಕಿ,

ನಲವತ್ತಾರು. ಪಾಸು. ಹನ್ನೆರಡನೇ ತರಗತಿಗೆ ಹೆಸರು ಬರೆಸಿದೆ, ವಿಜ್ಞಾನಕ್ಕೇ. ಗಣಿತದ ಮೇಲೆ ಪ್ರೀತಿ ಬಂದಿದೆ ಎಂದು ಹೇಳಲಾರೆ. ಎದುರಿಗೆ ಬಂದರೆ ರಸ್ತೆ ದಾಟಿ ಆ ಕಡೆ ಹೋಗಬೇಕು ಎನಿಸುವುದಿಲ್ಲ, ಅಷ್ಟೆ.

ಹಳೆಯ ಕಾಗದಗಳನ್ನು ಜೋಡಿಸುತ್ತಿದ್ದೆ. ನವೆಂಬರಿನದು ಸಿಕ್ಕಿತು. ಆಗ ಓದುವಾಗ ನನ್ನ ಬಗ್ಗೆ ಬರೆದಿದ್ದ ಸಾಲುಗಳನ್ನಷ್ಟೇ ಹತ್ತು ಸಲ ಓದಿದ್ದೆ. ಮೇ ತಿಂಗಳಿಂದ ನೀನು ಒಬ್ಬಳೇ ಎಂದು ಬರೆದಿದ್ದೆ. ನಾನು ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಿದ್ದೆ. ಆಮೇಲೆ ಇಷ್ಟು ಕಾಗದ ಬರೆದೆ, ಒಂದರಲ್ಲೂ ಕೇಳಲಿಲ್ಲ.

ಈಗ ಕೇಳುತ್ತೇನೆ. ಅಲ್ಲಿಗೆ ಯಾರಾದರೂ ಬಂದರೇ? ನೀನು ಯಾರ ಜೊತೆ ಊಟ ಮಾಡುತ್ತೀಯ?

ನಿನ್ನ,
ಇರುವೆ

ಆಗಸ್ಟ್ 7

ಮುದ್ದಿನ ಇರುವೆ,

ಇಷ್ಟು ತಡವಾದದ್ದಕ್ಕೆ ಬೈದುಕೊಂಡಿರುತ್ತೀಯ. ನಿನ್ನ ಆ ಎರಡು ಸಾಲಿಗೆ ಉತ್ತರ ಬರೆಯಲು ಕುಳಿತರೆ ಕೈ ಓಡಲಿಲ್ಲ.

ಪ್ರತಿ ತಿಂಗಳು ಕೆಳಗಿನ ಕಚೇರಿಗೆ ಒಂದು ವರದಿ ಕಳಿಸುತ್ತೇನೆ. ಅದರ ಕೊನೆಯ ಅಂಕಣ "ತೊಂದರೆಗಳು". ಹದಿಮೂರು ತಿಂಗಳು ಅಲ್ಲಿ "ಇಲ್ಲ" ಎಂದು ಬರೆದಿದ್ದೇನೆ. ಬದಲಿ ಯಾಕೆ ಬರಲಿಲ್ಲ ಎಂದರೆ ನಾನು ಕೇಳಲೇ ಇಲ್ಲ. ಹೆಂಗಸು ಒಬ್ಬಳೇ ನಿಭಾಯಿಸಲಾರಳು ಎನ್ನುತ್ತಾರೆ ಎಂದು ಮೊದಲು ಹಟ. ಆಮೇಲೆ ಅಭ್ಯಾಸ. ಜೂನ್ ವರದಿಯಲ್ಲಿ ಬರೆದೆ: "ಒಬ್ಬಳೇ ಇದ್ದೇನೆ. ಕಷ್ಟವಾಗುತ್ತಿದೆ." ವೈರ್‌ಲೆಸ್ಸಿನವನು ಮರುದಿನ, "ಮೇಡಂ, ಬದಲಿ ಬಂದಾಯ್ತು, ಅಲ್ಲಿ ಇಬ್ಬರಿದೀರ ಅಂತಾನೇ ನಾವೆಲ್ಲ ತಿಳ್ಕೊಂಡಿದ್ವಿ" ಎಂದ.

ಹೋದ ಗುರುವಾರ ಜೀಪಿನಿಂದ ಹೊಸ ವೀಕ್ಷಕಿ ಇಳಿದಳು. ಇಪ್ಪತ್ತೈದರ ಹುಡುಗಿ, ಒಂದು ಚೀಲ, ಒಂದು ಕೊಡೆ. ನಾನು ಬಾಗಿಲಲ್ಲಿ ನಿಂತು ಅವಳಿಗೆ ಉಷ್ಣಾಂಶ, ಗಾಳಿಯ ವೇಗ, ಮೋಡದ ಪ್ರಮಾಣ ಹೇಳಿದೆ. ಬಾ ಎಂದು ಹೇಳಲು ಮರೆತೆ. ಅವಳೇ, "ಒಳಗೆ ಬರಲಾ?" ಎಂದು ಕೇಳಿದಳು.

ಮಧ್ಯಾಹ್ನ ಅನ್ನ ಬೇಳೆ ಮಾಡಿದೆ. ನೀರು ಒಬ್ಬರ ಲೆಕ್ಕಕ್ಕೇ ಹಾಕಿ ಅನ್ನ ಗಟ್ಟಿಯಾಯಿತು. ಎದುರುಬದುರು ಕುಳಿತೆವು. ನಾನು ತಲೆ ತಗ್ಗಿಸಿ ನನ್ನ ಪಾಡಿಗೆ ಉಣ್ಣುತ್ತಿದ್ದೆ. ಯಾರೋ "ಉಪ್ಪು ಕೊಡ್ತೀರಾ?" ಎಂದರು. ಎಲ್ಲೋ ದೂರದಲ್ಲಿ ಯಾರೋ ಯಾರನ್ನೋ ಕೇಳಿದ ಹಾಗೆ ಕೇಳಿಸಿತು. ಅವಳು ಇನ್ನೊಮ್ಮೆ ಕೇಳಲಿಲ್ಲ, ಚಾಚಿದ ಕೈ ಹಾಗೇ ಇಟ್ಟುಕೊಂಡು ಕಾದಳು.

ಕೇಳಿದ್ದು ನನ್ನನ್ನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಉಪ್ಪು ಕೊಟ್ಟೆ.

ನಿನ್ನ,
ಚಿಕ್ಕಿ